ಮುಲಾಮಿನ ಡಬ್ಬಿ

ಡಬ್ಬಿ ಖಾಲಿಯಾಗಿತ್ತು. ಮುಚ್ಚಳ ತೆಗೆದವನು ಮೊದಲು ನಂಬಲಿಲ್ಲ. ಹೆಬ್ಬೆಟ್ಟು ಒಳಗೆ ಹಾಕಿ ಅಂಚಿನ ಸುತ್ತ ತಿರುಗಿಸಿದ. ತಗಡಿನ ತಣ್ಣನೆಯ ತಳ ತಗುಲಿತೇ ಹೊರತು ಬೆರಳಿಗೆ ಏನೂ ಹತ್ತಲಿಲ್ಲ. ನಿನ್ನೆ ಅರ್ಧ ಡಬ್ಬಿ ಇದ್ದದ್ದನ್ನು ಅವನು ಕಣ್ಣಾರೆ ಕಂಡಿದ್ದ. ತಿರುಗಿ ನೋಡಿದರೆ ಹೆಂಡತಿ ಹಾಸಿಗೆಯ ಮೇಲೆ ಕಾಲು ಚಾಚಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಎರಡೂ ಹಿಮ್ಮಡಿಗಳು ಬಲ್ಬಿನ ಬೆಳಕಿಗೆ ಮಿರಮಿರ ಮಿಂಚುತ್ತಿದ್ದವು.

"ಒಡೆದು ರಕ್ತ ಬರ್ತಿತ್ತು. ಹಚ್ಕೊಂಡೆ," ಅಂದಳು, ಅವನು ಕೇಳುವ ಮೊದಲೇ.

"ಅಷ್ಟೂ?"

"ಅಷ್ಟೂ. ನನಗೆ ಎರಡು ಕಾಲಿದೆ."

"ಅದು ಕೆಲಸದ ಸಾಮಾನು ಅಂತ ಎಷ್ಟು ಸಲ ಹೇಳಿದೀನಿ?"

"ಮುಲಾಮು ಕಣ್ರೀ ಅದು. ಮನುಷ್ಯರ ಚರ್ಮಕ್ಕೆ ಅಂತ ಮಾಡಿರೋದು. ನಿಮ್ಮ ಗಾಜಿಗಲ್ಲ."

ಒಂದು ಗಳಿಗೆ ಅವನು ನಿಜಕ್ಕೂ ಆ ಹಿಮ್ಮಡಿಗಳನ್ನೇ ನೋಡಿದ. ದಪ್ಪಗೆ ಮೆತ್ತಿಕೊಂಡ ಮುಲಾಮು. ಹೆಬ್ಬೆಟ್ಟಿನಿಂದ ಒಮ್ಮೆ ಸವರಿದರೆ ಇವತ್ತಿನ ಮಟ್ಟಿಗೆ ಸಾಕಾಗುತ್ತಿತ್ತು. ಅವನ ಕಣ್ಣು ಎಲ್ಲಿ ನಿಂತಿದೆ ಅನ್ನುವುದು ಅವಳಿಗೆ ತಿಳಿದುಹೋಯಿತು. ಕಾಲುಗಳನ್ನು ಹೊದಿಕೆಯ ಒಳಗೆ ಎಳೆದುಕೊಂಡು, "ಮುಟ್ಟಿ ನೋಡಿ, ಆಮೇಲಿದೆ ನಿಮಗೆ," ಅಂದಳು. ಅವಳು ನಗುತ್ತಿರಲಿಲ್ಲ. ಅವನಿಗೂ ನಗು ಬರಲಿಲ್ಲ. ಮದುವೆಯಾದ ಹೊಸದರಲ್ಲಿ ಇದೇ ಮಾತಿಗೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರೇನೋ ಅನ್ನಿಸಿ, ಅದಕ್ಕೂ ಅವಳ ಮೇಲೆಯೇ ಸಿಟ್ಟು ಬಂತು.

ಕಿಟಕಿ ಒರೆಸುವವರ ಯಜಮಾನ ಅವನು. ಆರು ಮಹಡಿಯ ಒಂದು ಕಚೇರಿ ಕಟ್ಟಡ, ಎರಡು ಬ್ಯಾಂಕು, ಒಂದಷ್ಟು ಅಂಗಡಿ. ಕೈಕೆಳಗೆ ಮೂರು ಜನ. ಕಟ್ಟಡದ ಸರದಿ ಬಂದ ದಿನ ಕೆಲಸದವರಿಗಿಂತ ಮುಂಚೆ ಅವನು ಹಿಂಬಾಗಿಲಿಂದ ಒಳಗೆ ಹೋಗುತ್ತಿದ್ದ. ಯಾವುದೋ ಒಂದು ಮಹಡಿಯಲ್ಲಿ ಕಿಟಕಿಯ ರೆಕ್ಕೆ ತೆರೆದು, ಕೈ ಹೊರಚಾಚಿ, ಪಕ್ಕದ ಗಾಜಿನ ಮೂಲೆಯಲ್ಲಿ ಮುಲಾಮು ಹಚ್ಚಿದ ಹೆಬ್ಬೆಟ್ಟು ಒತ್ತಿ ಬರುತ್ತಿದ್ದ. ಸಂಜೆ ಅದು ಅಲ್ಲಿಯೇ ಉಳಿದಿದ್ದರೆ ಮೂವರ ದಿನಗೂಲಿಯಲ್ಲೂ ಒಂದು ಪಾಲು ಹೋಯಿತು ಅಂತಲೇ ಲೆಕ್ಕ. ತಪ್ಪು ಯಾರದೇ ಆಗಲಿ, ದಂಡ ಮೂವರಿಗೂ. ಹಾಗಾದರೆ ಒಬ್ಬರನ್ನೊಬ್ಬರು ಕಾಯುತ್ತಾರೆ, ತಾನು ಬಿಸಿಲಲ್ಲಿ ನಿಂತು ಕುತ್ತಿಗೆ ನೋಯಿಸಿಕೊಳ್ಳುವುದು ತಪ್ಪುತ್ತದೆ ಅಂತ ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡಿದ್ದ. ಶುರುವಿನಲ್ಲಿ ಒಂದೆರಡು ಸಲ ಗುರುತು ಉಳಿದಿತ್ತು, ದಂಡ ಬಿದ್ದಿತ್ತು, ಮುಖಗಳು ದಪ್ಪಗಾಗಿದ್ದವು. ಆಮೇಲೆ ತಿಂಗಳುಗಟ್ಟಲೆ ಒಂದೂ ಉಳಿದಿಲ್ಲ. ಹಾಗಿದ್ದೂ ಕಟ್ಟಡದ ಮ್ಯಾನೇಜರ್ ಮೊನ್ನೆ ಫೋನು ಮಾಡಿ, ಗಾಜೆಲ್ಲ ಮಬ್ಬು ಮಬ್ಬು, ಒಳಗಿನಿಂದ ನೋಡಿದರೆ ಪೊರೆ ಬಂದ ಕಣ್ಣಿನ ಹಾಗೆ ಕಾಣುತ್ತದೆ ಅಂದಿದ್ದ. ಈ ಸಲದ ಕೆಲಸ ನೋಡಿ ಮುಂದಿನ ವರ್ಷದ ಕರಾರು ಕೊಡುವುದೋ ಬಿಡುವುದೋ ತೀರ್ಮಾನ ಮಾಡುತ್ತೇನೆ ಅಂತಲೂ ಸೇರಿಸಿದ್ದ. ಆ ಕಟ್ಟಡ ಹೋದರೆ ಉಳಿದದ್ದು ಪುಡಿಗಾಸು. ಇವತ್ತು ಆ ದಿನ, ಡಬ್ಬಿ ಖಾಲಿ.

"ಹೋಗ್ಲಿ ಬಿಡಿ," ಅಂದಳು ಹೆಂಡತಿ, ಅವನು ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಳ್ಳುತ್ತಿರುವುದನ್ನು ನೋಡುತ್ತ. "ಒಂದು ದಿನ ಪರೀಕ್ಷೆ ಇಲ್ದೆ ಕೆಲಸ ಮಾಡಿಸಿ ನೋಡಿ. ಚೆನ್ನಾಗಿ ಮಾಡಿದ್ರೆ ಚೆನ್ನಾಗಿ ಮಾಡಿದ್ರಿ ಅನ್ನಿ. ನಾಲಿಗೆ ಏನೂ ಸವೆಯಲ್ಲ."

"ನಾನು ಕೊಡೋದು ಸಂಬಳ. ಅದನ್ನ ಹೇಳಿದ ದಿನ ಕೊಡ್ತೀನಿ."

"ಗೊತ್ತು. ನಾನೇ ಅಲ್ವಾ ಕವರಿಗೆ ಹಾಕೋದು," ಅಂದು ಅವಳು ಮೂರು ಕವರುಗಳನ್ನು ಅವನ ಕಡೆ ತಳ್ಳಿದಳು. ಇವತ್ತು ವಾರದ ಸಂಬಳದ ದಿನವೂ ಆಗಿತ್ತು.

ಒಳ್ಳೆಯ ಮಾತಂತೆ. ಸ್ಕೂಟರು ಒದ್ದರೂ ಹೊತ್ತಿಕೊಳ್ಳಲಿಲ್ಲ, ಮತ್ತೆ ಒದ್ದ. ಒಳ್ಳೆಯ ಮಾತು ಎಂಥದು ಅಂತ ಅವಳಿಗೇನು ಗೊತ್ತು. ಹಗ್ಗಕ್ಕೆ ಜೋತು ಗಾಜು ಒರೆಸುತ್ತಿದ್ದ ಕಾಲದಲ್ಲಿ ಅವನಿಗೂ ಒಬ್ಬ ಧಣಿ ಇದ್ದ. ಇಳಿದು ಬಂದ ಕೂಡಲೇ ಬೆನ್ನು ತಟ್ಟುತ್ತಿದ್ದ, ನೀನು ನನಗೆ ಮನೆಮಗ ಇದ್ದ ಹಾಗೆ ಕಣೋ ಅನ್ನುತ್ತಿದ್ದ, ಸಂಬಳದ ದಿನ ಊರಲ್ಲೇ ಇರುತ್ತಿರಲಿಲ್ಲ. ಅವನ ಮನೆಯ ಬಾಗಿಲಲ್ಲಿ ನಿಂತು ಬೆಲ್ಲು ಒತ್ತಿದಾಗ ನಿಜವಾದ ಮನೆಮಗ ಬಂದು, ಅಪ್ಪ ಇಲ್ಲ, ಚಪ್ಪಲಿ ಆ ಕಡೆ ಬಿಡು ಅಂದಿದ್ದ. ಅಂಗೈಯ ಬಿಸಿ ಬೆನ್ನ ಮೇಲೆ ಇನ್ನೂ ಇದ್ದ ಹಾಗೆಯೇ ಬರಿಗೈಯಲ್ಲಿ ನಡೆದುಕೊಂಡು ಬಂದ ಆ ರಸ್ತೆ ಈಗಲೂ ಅವನ ಕಾಲಿಗೆ ಗೊತ್ತು. ಅವತ್ತೇ ಶಪಥ ಮಾಡಿದ್ದ: ಕೈ ಬಿಚ್ಚಿ ಕೊಡುತ್ತೇನೆ, ಬಾಯಿ ಬಿಚ್ಚಿ ಏನನ್ನೂ ಕೊಡುವುದಿಲ್ಲ. ಹೊಗಳುವವನು ಏನನ್ನೋ ನುಂಗುವವನು. ಇದನ್ನು ಹೆಂಡತಿಗೆ ಎಷ್ಟೋ ಸಲ ಹೇಳಬೇಕೆಂದುಕೊಂಡು ಹೇಳದೆ ಬಿಟ್ಟಿದ್ದ, ಹೇಳಿದರೆ ಅವಳು ಪಾಪ ಅನ್ನುತ್ತಾಳೆ ಅನ್ನುವ ಹೆದರಿಕೆಯಿಂದ.

ದಾರಿಯಲ್ಲಿ ಔಷಧಿ ಅಂಗಡಿಗಳು ಇನ್ನೂ ಬಾಗಿಲು ತೆರೆದಿರಲಿಲ್ಲ. ಕಟ್ಟಡ ಮುಟ್ಟುವ ಹೊತ್ತಿಗೆ ಮೂವರೂ ಆಗಲೇ ಮೇಲೆ ಏರಿದ್ದರು. ಹಿಂಬಾಗಿಲಿಗೆ ಹೋಗುವ ಮುಖವಿಲ್ಲದೆ ಅವನು ಎದುರು ಸಾಲಿನ ಟೀ ಅಂಗಡಿಯಲ್ಲಿ ಕಂಬದ ಮರೆಗೆ ಕೂತ. ಅಲ್ಲಿಂದ ಆರೂ ಮಹಡಿ ಕಾಣುತ್ತಿತ್ತು. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ನಾಲ್ಕನೇ ಮಹಡಿಯ ಎದುರು ತೂಗುತ್ತಿದ್ದವನು ಉದ್ದ. ಆ ಹೆಸರು ಮಿಕ್ಕ ಇಬ್ಬರು ಇಟ್ಟದ್ದು. ಅವನ ಕೈಗೆ ಏಣಿಯ ಮೇಲಿನ ಎರಡು ಮೆಟ್ಟಿಲು ಬೇಕಾಗುತ್ತಿರಲಿಲ್ಲ. ಕೆಳಗಿನ ಮಹಡಿಗಳಿಗೆ ಏಣಿ ಹಾಕಿ ನಿಂತವನು ಗೊಣಗ. ಬಿಸಿಲಿದ್ದರೆ ಬಿಸಿಲು ಅಂತ, ಇಲ್ಲದಿದ್ದರೆ ಗಾಜು ಒಣಗುವುದಿಲ್ಲ ಅಂತ ಗೊಣಗುವವನು. ಕಟ್ಟಡದ ಮುಂದಿನ ದೊಡ್ಡ ಬಾಗಿಲ ಗಾಜುಗಳನ್ನು ಉಜ್ಜುತ್ತಿದ್ದವಳು ಅಕ್ಕ. ಅವಳು ಯಜಮಾನನಿಗಿಂತ ಚಿಕ್ಕವಳು, ಆದರೂ ಅವನು ಸಹ ಅಕ್ಕ ಅಂತಲೇ ಕರೆಯುತ್ತಿದ್ದ. ಹಾಗೆ ಕರೆಯದಿದ್ದರೆ ಅವಳು ತಿರುಗಿ ನೋಡುತ್ತಿರಲಿಲ್ಲ.

ಕೆಲಸಕ್ಕೆ ತೆಗೆದುಕೊಳ್ಳುವಾಗಲೂ ಅವನದು ಕಳ್ಳ ಪರೀಕ್ಷೆಯೇ. ಬಂದವರನ್ನು ಮುಂದಿನ ಕೋಣೆಯಲ್ಲಿ ಕೂರಿಸಿ, ಕೊಳಕು ಕಿಟಕಿಯ ದಂಡೆಯ ಮೇಲೆ ಒಂದು ಒದ್ದೆ ಬಟ್ಟೆ ಇಟ್ಟು, ಬಾಗಿಲ ಸಂದಿಯಲ್ಲಿ ನಿಂತು ನೋಡುವುದು. ಹೇಳದೆಯೇ ಒರೆಸಿದವರಿಗೆ ಕೆಲಸ. ಗೊಣಗ ಒಂದು ಗಂಟೆ ಕೂತು ಕುರ್ಚಿ ಸರಿಯಿಲ್ಲ ಅಂದ. ಅಕ್ಕ ಆ ಬಟ್ಟೆಯಿಂದ ಮೇಜು ಒರೆಸಿದಳು, ಕುರ್ಚಿ ಒರೆಸಿದಳು, ಕಿಟಕಿ ಬಿಟ್ಟಳು. ಉದ್ದ ಬಟ್ಟೆ ಮುಟ್ಟಲೇ ಇಲ್ಲ. ಕಿಟಕಿ ತೆರೆದು ರಸ್ತೆ ನೋಡುತ್ತ ನಿಂತ. ಪರೀಕ್ಷೆಯಲ್ಲಿ ಒಬ್ಬರೂ ಗೆಲ್ಲಲಿಲ್ಲ, ಬೇರೆ ಯಾರೂ ಬಂದಿರಲೂ ಇಲ್ಲ, ಮೂವರನ್ನೂ ತೆಗೆದುಕೊಂಡ. ಅಷ್ಟಾದರೂ ಇವರು ತನ್ನ ಪರೀಕ್ಷೆಯಲ್ಲಿ ಸೋತವರು, ತಾನು ದೊಡ್ಡ ಮನಸ್ಸು ಮಾಡಿ ಅನ್ನ ಕೊಟ್ಟೆ ಅನ್ನುವ ಭಾವ ಅವತ್ತಿನಿಂದ ಅವನ ಒಳಗೆ ಕೂತುಬಿಟ್ಟಿತು. ಒಮ್ಮೆ ಹುರುಪು ತುಂಬೋಣವೆಂದು, ತಿಂಗಳ ಉತ್ತಮ ಕೆಲಸಗಾರ ಅಂತ ಉದ್ದನ ಫೋಟೋಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಹಾಕಿದ್ದ. ಮರುದಿನ ಬೆಳಗ್ಗೆ ಫೋಟೋ ಗೋಡೆಗೆ ಮುಖ ಮಾಡಿತ್ತು. ಯಾರು ಅಂತ ಕೇಳಿದರೆ ಮೂವರೂ ತುಟಿ ಪಿಟಕ್ಕೆನ್ನಲಿಲ್ಲ. ಬಹಳ ದಿನಗಳ ಮೇಲೆ ಅವನಿಗೆ ಹೊಳೆಯಿತು, ತಿರುಗಿಸಿದವನು ಉದ್ದನೇ. ಈಗ ಆ ಚೌಕಟ್ಟಿನಲ್ಲಿ ಯಜಮಾನನ ಮದುವೆಯ ಫೋಟೋ ಇದೆ.

"ಇವತ್ತು ಒಳಗೆ ಬರ್ಲೇ ಇಲ್ವಲ್ಲ ಸಾರ್ ನೀವು?"

ಗೇಟಿನ ಕಾವಲುಗಾರ ಟೀ ಕುಡಿಯಲು ಬಂದಿದ್ದ. ಹಿಂಬಾಗಿಲು ತೆಗೆದುಕೊಡುವವನು ಅವನೇ. ಯಜಮಾನ ಲೋಟ ತಿರುಗಿಸಿದ. ಕಾವಲುಗಾರನಿಗೆ ಮೌನ ಆಗಿಬರುತ್ತಿರಲಿಲ್ಲ.

"ಅವರೂ ಕೇಳಿದ್ರು, ಎಲ್ಲಿ ಇ..." ಅಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

"ಎಲ್ಲಿ ಏನು?"

"ಏನಿಲ್ಲ ಸಾರ್."

"ಎಲ್ಲಿ ಇಟ್ಟಿದಾನೆ ಅಂತ ಕೇಳಿದ್ರಾ? ದಿನಾ ಕೇಳ್ತಾರಾ? ನೀನು ಹೇಳ್ತೀಯಾ?"

"ಯಾವ ಮಹಡಿ ಅಂತ ಅಷ್ಟೇ ಸಾರ್. ಒಂದು ಟೀ ಕುಡಿಸ್ತಾರೆ, ಪಾಪ. ಇವತ್ತು ನಾನು ಒಂದು ಮಾತೂ ಆಡಿಲ್ಲ, ಆಣೆ," ಅಂದವನೇ ಬಿಸಿ ಟೀಯನ್ನು ಒಂದೇ ಗುಟುಕಿಗೆ ಸುರಿದುಕೊಂಡು, ಬಾಯಿ ಸುಟ್ಟುಕೊಂಡು, ಎದ್ದೇಬಿಟ್ಟ.

ಯಜಮಾನನಿಗೆ ಮೊದಲು ಏನೂ ಅನ್ನಿಸಲಿಲ್ಲ. ಆಮೇಲೆ ಕಾಲಿನಿಂದ ತಲೆಯವರೆಗೆ ಮೈ ಉರಿಯಿತು. ಅಂದರೆ ಇಷ್ಟು ತಿಂಗಳೂ ಇವರು ಬಂದವರೇ ಅವನ ಹೆಬ್ಬೆಟ್ಟು ಹುಡುಕಿ, ಅದೊಂದನ್ನು ಜೋಪಾನವಾಗಿ ಒರೆಸಿ, ಮಿಕ್ಕ ಗಾಜಿಗೆಲ್ಲ ಒದ್ದೆ ಬಟ್ಟೆ ತೋರಿಸಿ ಕೆಳಗಿಳಿದಿದ್ದಾರೆ. ಸಂಜೆ ಅವನು ಯಾರಿಗೂ ಕಾಣದ ಹಾಗೆ ಮೇಲೆ ಹೋಗಿ ಆ ಒಂದು ಮೂಲೆ ನೋಡಿ, ಗೆದ್ದೆ ಅಂದುಕೊಂಡು ಮೀಸೆ ತಿರುವುತ್ತ ಬಂದಿದ್ದಾನೆ. ಇಡೀ ಕಟ್ಟಡ ಮಬ್ಬಾಗಿದ್ದು ಅವನ ಕಣ್ಣಿಗೇ ಬಿದ್ದಿಲ್ಲ, ಯಾಕೆಂದರೆ ಅವನು ನೋಡಿದ್ದು ತನ್ನ ಬೆರಳನ್ನು ಮಾತ್ರ. ಎಷ್ಟು ನಕ್ಕಿರಬೇಡ. ಗೊಣಗನಂತೂ ಮನೆಗೆ ಹೋಗಿ ಹೆಂಡತಿ ಮಕ್ಕಳ ಎದುರು ಅವನ ಹಾಗೆ ಬೆರಳು ಒತ್ತಿ ತೋರಿಸಿರುತ್ತಾನೆ. ಅಕ್ಕನೂ ನಕ್ಕಿರುತ್ತಾಳೆ. ಉದ್ದ? ಅವನನ್ನು ಮುಂದಿನ ವರ್ಷದಿಂದ ಮೇಸ್ತ್ರಿ ಮಾಡಬೇಕು ಅಂತ ಯಜಮಾನ ಮನಸ್ಸಿನಲ್ಲೇ ಗೊತ್ತು ಮಾಡಿಟ್ಟುಕೊಂಡಿದ್ದ, ಯಾರಿಗೂ ಹೇಳಿರಲಿಲ್ಲ. ಹೇಳದೆ ಇದ್ದದ್ದು ಒಳ್ಳೆಯದೇ ಆಯಿತು.

ತಲೆಯೆತ್ತಿ ನೋಡಿದ. ಉದ್ದ ಗಾಜಿಗೆ ನೊರೆ ಬಳಿದು, ರಬ್ಬರಿನ ಪಟ್ಟಿಯನ್ನು ಮೇಲಿನ ಅಂಚಿನಿಂದ ಎಳೆದು, ನೀರನ್ನು ಬಟ್ಟೆಯಿಂದ ಹಿಡಿದು, ಮತ್ತೆ ಮೂಲೆಗೆ ಬಂದು, ಮೂಲೆಯನ್ನು ಬೆರಳಿಗೆ ಸುತ್ತಿದ ಬಟ್ಟೆಯಿಂದ ತಿದ್ದುತ್ತಿದ್ದ. ಮುಂದಿನ ಗಾಜಿಗೂ ಹಾಗೆಯೇ. ಗೊಣಗ ಏಣಿಯನ್ನು ಒಂದೊಂದು ಚೌಕಟ್ಟಿಗೂ ಸರಿಸಿ ಕಟ್ಟಿ ಹತ್ತುತ್ತಿದ್ದ. ಅವನು ಹಾಗೆ ಸರಿಸಿದ್ದನ್ನು ಯಜಮಾನ ಇದುವರೆಗೆ ಕಂಡಿರಲಿಲ್ಲ. ಏಣಿ ನಿಂತಲ್ಲಿಂದಲೇ ಕೈಗೆ ಎಟುಕಿದಷ್ಟು ಒರೆಸುವ ಜಾಯಮಾನ ಅವನದು. ಅಕ್ಕ ಮಂಡಿಯೂರಿ ಕೂತು ಬಾಗಿಲಿನ ಕೆಳಗಿನ ಹಳೆಯ ಅಂಟನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅರ್ಥವಾಯಿತು. ಕಾವಲುಗಾರ ಬಾಯಿ ಬಿಟ್ಟಿಲ್ಲ, ಗುರುತು ಎಲ್ಲಿದೆ ಅಂತ ಇವರಿಗೆ ಗೊತ್ತಿಲ್ಲ, ಅದಕ್ಕೇ ಎಲ್ಲ ಕಡೆ ಒರೆಸುತ್ತಿದ್ದಾರೆ. ಹುಡುಕಿ, ಹುಡುಕಿ ಅಂದ ಮನಸ್ಸಿನಲ್ಲಿ. ಇಲ್ಲದ್ದನ್ನು ಹುಡುಕಿ ಸಾಯಿರಿ. ಮತ್ತೊಂದು ಟೀ ಹೇಳಿದ. ಅಂಥ ಸುಖವನ್ನು ಅವನು ಈಚೆಗೆ ಅನುಭವಿಸಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಒರೆಸಿದ ಗಾಜುಗಳು ಒಂದೊಂದಾಗಿ ತಿಳಿಯಾಗುತ್ತ ಬಂದವು, ಅವುಗಳಲ್ಲಿ ಮೋಡ ಸರಿಯಿತು, ಹಕ್ಕಿಗಳು ಹಾದುಹೋದವು. ಒಮ್ಮೆ ಗೊಣಗ ಏನೋ ಅಂದ, ಮೇಲಿನಿಂದ ಉದ್ದ ಕೆಳಗೆ ನೀರು ಚಿಮುಕಿಸಿದ, ಅಕ್ಕ ಸೊಂಟದ ಮೇಲೆ ಕೈಯಿಟ್ಟು ಇಬ್ಬರಿಗೂ ಬೈದಳು, ಮೂವರೂ ನಕ್ಕರು. ಕಳೆದ ವಸ್ತುವನ್ನು ಹುಡುಕುವವರು ಹೀಗೆ ನಗುತ್ತಾರೆಯೇ ಅನ್ನುವ ಪ್ರಶ್ನೆ ಅವನ ಮನಸ್ಸಿನ ಬಾಗಿಲಿಗೆ ಬಂದು ನಿಂತಿತು. ತನ್ನನ್ನೇ ಆಡಿಕೊಂಡು ನಗುತ್ತಿದ್ದಾರೆ ಅಂತ ಉತ್ತರ ಕೊಟ್ಟು ಅದನ್ನು ಹೊರಗೆ ಹಾಕಿದ. ತಾನು ಹಗ್ಗದ ಮೇಲಿದ್ದಾಗ ಹೀಗೆ ನಕ್ಕ ಒಂದು ಮಧ್ಯಾಹ್ನ ನೆನಪಾಯಿತು. ಧಣಿ ಊರಲ್ಲಿ ಇರಲಿಲ್ಲ. ಯಾರೂ ನೋಡುತ್ತಿರದಿದ್ದರೂ ಅವತ್ತು ಯಾಕೋ ಎಲ್ಲರೂ ಮೈಮುರಿದು ದುಡಿದಿದ್ದರು. ಯಾಕೆ ಅಂತ ಆಗಲೂ ಗೊತ್ತಾಗಿರಲಿಲ್ಲ.

ಮ್ಯಾನೇಜರ್ ಬಂದದ್ದು ಬಿಸಿಲು ಇಳಿದ ಮೇಲೆ. ಒಂದೊಂದು ಮಹಡಿಗೂ ಹೋಗಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಓರೆಯಾಗಿ ನೋಡಿ, ಏನೂ ಹೇಳದೆ ಮುಂದಕ್ಕೆ ನಡೆದ. ಯಜಮಾನ ಕೈಕಟ್ಟಿಕೊಂಡು ಅವನ ಹಿಂದೆ. ಮೇಲಿನ ಮಹಡಿಯಲ್ಲಿ ಮ್ಯಾನೇಜರ್ ಕಿಟಕಿಯ ಎದುರು ನಿಂತುಬಿಟ್ಟ. "ನಾನು ಈ ಕೋಣೆಗೆ ಬಂದ ಮೇಲೆ ಆ ಗುಡ್ಡ ಕಂಡಿದ್ದು ಇವತ್ತೇ," ಅಂದ. "ಅಲ್ಲಿ ಗುಡ್ಡ ಇದೆ ಅಂತ್ಲೇ ಗೊತ್ತಿರ್ಲಿಲ್ಲ. ಏನ್ರೀ ಮಾಡಿದ್ರಿ ಇವತ್ತು?" ಯಜಮಾನ ಹಲ್ಲು ಕಿರಿದ. "ಮುಂದಿನ ವರ್ಷನೂ ನೀವೇ ಮಾಡಿ. ನಿಮ್ಮವರಿಗೆ ಹೇಳಿ, ನಾನು ಬಹಳ ಖುಷಿಪಟ್ಟೆ ಅಂತ." ಮೆಟ್ಟಿಲು ಇಳಿಯುವಾಗ ಯಜಮಾನನ ಕಾಲು ಹಗುರವಾಗಿತ್ತು. ಹೇಳಿಬಿಡೋಣ ಅನ್ನಿಸಿತು. ಮೂರೇ ಮಾತು: ಚೆನ್ನಾಗಿ ಮಾಡಿದ್ರಿ ಇವತ್ತು. ಬಾಯಲ್ಲೇ ಒಮ್ಮೆ ಆಡಿ ನೋಡಿದ, ಎರಡು ಸಲ ಆಡಿದ. ಬೇರೆ ಯಾರದೋ ಅಂಗಿ ಹಾಕಿಕೊಂಡ ಹಾಗಿತ್ತು, ಆದರೂ ಹಾಕಿಕೊಳ್ಳಲು ಆಗದಿರುವಂಥದ್ದೇನಲ್ಲ. ಹೆಂಡತಿಗೂ ಹೇಳಬಹುದು, ನೋಡು, ನಾಲಿಗೆ ಸವೆಯಲಿಲ್ಲ ಅಂತ.

ನೆಲಮಾಳಿಗೆಯ ಪೈಪುಗಳ ಕೋಣೆಯಲ್ಲಿ ಮೂವರೂ ಬಟ್ಟೆ ಹಿಂಡುತ್ತಿದ್ದರು. ಅವನು ಬಂದದ್ದು ಕಂಡು ಕೈ ನಿಲ್ಲಿಸಿದರು. ಅವರ ಮುಖಗಳಲ್ಲಿ ಅವನು ಎಂದೂ ಕಾಣದ ಏನೋ ಇತ್ತು. ಕಾಯುತ್ತಿದ್ದರು. ಗೊಣಗ ಕೂಡ ಗೊಣಗದೆ ನಿಂತಿದ್ದ.

"ಹೇಗಿತ್ತಂತೆ?" ಅಂದಳು ಅಕ್ಕ. ಅಂದು, ನಕ್ಕಳು.

ಆ ನಗು ಅವನನ್ನು ಕೆಡಿಸಿತು. ಟೀ ಕುಡಿಸಿ ಗುಟ್ಟು ತಿಳಿದುಕೊಂಡವರ ನಗು, ಬೆರಳು ಒತ್ತಿ ತೋರಿಸಿ ಮನೆಮಂದಿಯೊಂದಿಗೆ ಹಂಚಿಕೊಂಡ ನಗು. ಇಷ್ಟು ತಿಂಗಳು ಕಣ್ಣಿಗೆ ಮಣ್ಣೆರಚಿದವರಿಗೆ ಈಗ ಶಹಬ್ಬಾಸ್ ಬೇರೆ ಬೇಕೇ. ಗಂಟಲಿನವರೆಗೆ ಬಂದಿದ್ದ ಮಾತು ಅಲ್ಲೇ ತಿರುಗಿಕೊಂಡಿತು.

"ಒಂದು ಉಳಿದಿದೆ," ಅಂದ.

ಬಕೀಟಿನ ಅಂಚಿನಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟ ಅವನಿಗೆ ಇಷ್ಟವಾಯಿತು. ಈಗ ಹೆದರಿದರು ಅಂದುಕೊಂಡ.

"ಏನು ಉಳಿದಿದೆ?" ಅಂದ ಉದ್ದ, ಮೆಲ್ಲಗೆ.

"ಗೊತ್ತಿಲ್ವಾ ಏನು ಅಂತ? ನನ್ನ ಗುರುತು."

"ಎಲ್ಲಿ?"

"ಹುಡುಕು. ಅದಕ್ಕೇ ತಾನೇ ನಿನಗೆ ಸಂಬಳ ಕೊಡೋದು. ಸಿಕ್ಕಿದ್ರೆ ಪೂರ್ತಿ ಕವರು. ಇಲ್ಲದಿದ್ರೆ ಮೂವರಿಗೂ ಕಡಿತ."

ಉದ್ದ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದ. ಗಾಜಿನಲ್ಲಿ ಕಲೆ ಒಳಗಿದೆಯೋ ಹೊರಗಿದೆಯೋ ಅಂತ ನೋಡುವಾಗ ಹಾಗೆ ನೋಡುತ್ತಿದ್ದ. ಆಮೇಲೆ ಬಿಚ್ಚಿಟ್ಟಿದ್ದ ಒದ್ದೆ ಬೆಲ್ಟನ್ನು ಮತ್ತೆ ಸೊಂಟಕ್ಕೆ ಬಿಗಿದುಕೊಂಡು, ತಾರಸಿಗೆ ಹೊರಟ. ಅಕ್ಕ ಏನೋ ಹೇಳಹೋದಳು, ಗೊಣಗ ಅವಳ ತೋಳು ಹಿಡಿದು ತಡೆದ. ಎಲ್ಲರೂ ಅಂಗಳಕ್ಕೆ ಬಂದು ನಿಂತರು. ಗಾಳಿ ಎದ್ದಿತ್ತು. ಹಲಗೆ ಇಳಿಯುತ್ತ ಇಳಿಯುತ್ತ ಗೋಡೆಗೆ ಬಡಿದು ಪಕ್ಕಕ್ಕೆ ವಾಲಿತು, ಯಜಮಾನ ಒಂದು ಹೆಜ್ಜೆ ಮುಂದೆ ಹೋದ. ಇಳಿದು ಬಾರೋ ಅಂತ ಕೂಗಬೇಕು. ಕೂಗಿದರೆ ಯಾಕೆ ಅಂತ ಹೇಳಬೇಕು. ಸುಳ್ಳು ಹೇಳಿದೆ, ಇವತ್ತು ಇಟ್ಟೇ ಇಲ್ಲ, ಹೆಂಡತಿ ಮುಲಾಮನ್ನೆಲ್ಲ ಕಾಲಿಗೆ ಹಚ್ಚಿಕೊಂಡಳು ಅಂತ ಈ ಇಬ್ಬರ ಎದುರು ನಿಂತು ಹೇಳಬೇಕು. ಕುತ್ತಿಗೆ ನೋಯುವವರೆಗೆ ಮೇಲೆ ನೋಡಿದ, ಕೂಗಲಿಲ್ಲ. ಅವನು ಬಿದ್ದರೆ ಅನ್ನುವ ಯೋಚನೆ ಬಂತು. ಬಿದ್ದರೆ ನಾನು ಏನು ಹೇಳಲಿ ಅನ್ನುವುದು ಅದರ ಬೆನ್ನಿಗೇ ಬಂತು. ಎರಡನೆಯದೇ ಹೆಚ್ಚು ಹೆದರಿಸಿತು, ಅದು ಅವನಿಗೆ ಗೊತ್ತಾಯಿತು, ನಾಚಿಕೆಯೂ ಆಯಿತು, ಆದರೂ ಬಾಯಿ ಬಿಡಲಿಲ್ಲ.

ಉದ್ದ ಎಲ್ಲೂ ಹುಡುಕಿದ ಹಾಗೆ ಕಾಣಲಿಲ್ಲ. ನಾಲ್ಕನೇ ಮಹಡಿಯ ಎದುರು ಹಲಗೆ ನಿಲ್ಲಿಸಿ, ಒಂದು ಗಾಜಿನ ಮೂಲೆಯನ್ನು ಬಟ್ಟೆಯಿಂದ ಒಮ್ಮೆ ಒರೆಸಿ, ಇಳಿದು ಬಂದ. ಹಗ್ಗದ ಗಂಟು ಬಿಚ್ಚುತ್ತ, ತಲೆಯೆತ್ತದೆ ಹೇಳಿದ.

"ಸಿಕ್ತು. ನಾಲ್ಕನೇ ಮಹಡಿ, ಎಡಗಡೆ ಕೊನೇದು, ಕೆಳಗಿನ ಮೂಲೆ. ಅದೇ ತಾನೇ?"

ಯಜಮಾನನಿಗೆ ಮೈಮೇಲಿನ ಭಾರವೆಲ್ಲ ಇಳಿದ ಹಾಗಾಯಿತು. ಏನೋ ಹಳೆಯ ಕಲೆ ಸಿಕ್ಕಿರಬೇಕು. ಸದ್ಯ ಬದುಕಿದೆ ಅಂದುಕೊಂಡು, "ಹೌದು, ಅದೇ," ಅಂದ. ಅಂದು, ಜೇಬಿನಿಂದ ಕವರುಗಳನ್ನು ತೆಗೆದ. "ತಗೊಳ್ಳಿ. ಕಡಿತ ಇಲ್ಲ."

ಯಾರೂ ಕೈ ಚಾಚಲಿಲ್ಲ. ಗೊಣಗ ನೆಲ ನೋಡುತ್ತಿದ್ದ.

"ನೀವು ಇವತ್ತು ಒಳಗೆ ಕಾಲೇ ಇಟ್ಟಿಲ್ಲ," ಅಂದಳು ಅಕ್ಕ. "ಕಾವಲಿನವನು ಬೆಳಗ್ಗೆನೇ ಹೇಳಿದ. ನಿಮ್ಮ ಯಜಮಾನ ಬಂದಿಲ್ಲ, ಏನೂ ಇಟ್ಟಿಲ್ಲ, ಆರಾಮಾಗಿರಿ ಅಂದ." ಅವಳ ದನಿಯಲ್ಲಿ ಜಗಳ ಇರಲಿಲ್ಲ. "ಕೊನೆಗೂ ನಮ್ಮನ್ನ ನಂಬಿದ್ರು ಅಂತ ನಾವು ಅಂದ್ಕೊಂಡ್ವಿ."

ಕವರು ಹಿಡಿದ ಕೈ ಚಾಚಿದ್ದು ಚಾಚಿದ ಹಾಗೆಯೇ ಇತ್ತು. ಬೆಳಗ್ಗೆಯಿಂದ ಕಂಡದ್ದೆಲ್ಲ, ಸರಿಸಿ ಸರಿಸಿ ಕಟ್ಟಿದ ಏಣಿ, ಉಗುರಿನಿಂದ ಕೆರೆದ ಅಂಟು, ಚಿಮುಕಿಸಿದ ನೀರು, ಆ ನಗು, ಬೇರೆಯೇ ಆಗಿ ಅವನ ಎದುರು ಬಂದು ನಿಂತಿತು. ಏನಾದರೂ ಹೇಳಬೇಕಿತ್ತು. ಮ್ಯಾನೇಜರ್ ಖುಷಿಪಟ್ಟರು ಅನ್ನಬಹುದಿತ್ತು, ಗುಡ್ಡ ಕಂಡಿತಂತೆ ಅನ್ನಬಹುದಿತ್ತು. ಈಗ ಅಂದರೆ ಅದೂ ಸುಳ್ಳಾಗುತ್ತಿತ್ತು.

ಉದ್ದ ಅವನ ಕೈಯಿಂದ ಮೂರು ಕವರುಗಳನ್ನೂ ತೆಗೆದುಕೊಂಡು ಇಬ್ಬರಿಗೆ ಹಂಚಿದ. ತನ್ನದನ್ನು ಎಣಿಸದೆ ಜೇಬಿಗೆ ಹಾಕಿಕೊಂಡ. ಬೆಲ್ಟನ್ನು ಗೂಟಕ್ಕೆ ತೂಗಿಹಾಕಿ, ಹೊರಡುವಾಗ ಒಂದು ಗಳಿಗೆ ನಿಂತ.

"ಮುಂದಿನ ಸಲ ಬೇಗ ಬಂದು ಇಟ್ಟು ಹೋಗಿ," ಅಂದ. "ನಾವು ಒರೆಸ್ತೀವಿ. ಅಷ್ಟು ಮಾತ್ರ ಒರೆಸ್ತೀವಿ."

ಮನೆಗೆ ಬಂದರೆ ಊಟದ ಮೇಜಿನ ಮೇಲೆ ಅವನ ತಟ್ಟೆಯ ಪಕ್ಕದಲ್ಲಿ ಹೊಸ ಡಬ್ಬಿ ಇತ್ತು. ಮುಚ್ಚಳದ ಕಾಗದ ಇನ್ನೂ ಹರಿದಿರಲಿಲ್ಲ. "ಎರಡು ತಂದೆ. ನನಗೊಂದು, ನಿಮ್ಮ ಗಾಜಿಗೊಂದು. ಇನ್ನು ಬೆಳಗ್ಗೆ ಎದ್ದು ಕಿರುಚಾಡಬೇಡಿ," ಅಂದಳು ಹೆಂಡತಿ ಒಳಗಿನಿಂದ. ಕರಾರು ಸಿಕ್ಕಿತೇ ಅಂತ ಕೇಳಿದಳು. ಸಿಕ್ಕಿತು ಅಂದ. ಅವಳು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, "ಒಳ್ಳೇದಾಯ್ತು. ಮತ್ತೆ, ಅವರಿಗೆ ಒಂದು ಮಾತು ಹೇಳಿದ್ರಾ?" ಅಂದಳು.

"ಹೇಳಿದೆ," ಅಂದ.

ಅವಳು ಅವನ ಮುಖ ನೋಡಿದಳು, ಮತ್ತೇನೂ ಕೇಳದೆ ಒಳಗೆ ಹೋದಳು. ಅವನು ಕೂತು ಡಬ್ಬಿಯ ಕಾಗದ ಹರಿದ. ಮುಲಾಮು ಅಂಚಿನವರೆಗೆ ತುಂಬಿ, ನುಣ್ಣಗೆ, ಯಾರ ಬೆರಳೂ ತಾಗದೆ ಇತ್ತು. ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, ಮುಚ್ಚಳ ಹಾಕಿ, ಅಂಗಿಯ ಜೇಬಿಗೆ ಇಟ್ಟುಕೊಂಡ.

"ಕಟ್ಟಡದ ಸರದಿ ಬಂದ ದಿನ," ಅಂದ ಅವಳಿಗೆ ಕೇಳುವಷ್ಟು ಗಟ್ಟಿಯಾಗಿ, "ನನ್ನನ್ನ ಬೇಗ ಎಬ್ಬಿಸು."